ಪರಸಪ್ಪನ ಲೈಸೆನ್ಸು, ಶ್ರೀದೇವಿಯ ತೊಟ್ಟಿಲು

ಬನಹಟ್ಟಿಯ ಪರಸಪ್ಪನ ಮನೆಯಲ್ಲಿ ಒಂದು ಟ್ರಂಕಿದೆ. ಅದರ ತುಂಬ ಟವೆಲ್ಲುಗಳು. ಒಂದೂ ದುಡ್ಡು ಕೊಟ್ಟು ತಂದದ್ದಲ್ಲ, ಎಲ್ಲವೂ ಮರ್ಯಾದೆಯಿಂದ ಬಂದವು. ಈ ಕಡೆ ಹೊಸ ಮನೆಯ ವಾಸ್ತುಶಾಂತಿ ಅಂದರೆ ಮನೆ ಕಟ್ಟಿದವರನ್ನು ಸಾಲಾಗಿ ಕೂಡಿಸಿ, ಕುಂಕುಮ ಹಚ್ಚಿ, ಕಾಯಿ ಕೊಟ್ಟು ಆಯೇರಿ, ಅಂದರೆ ಬಟ್ಟೆಯ ಉಡುಗೊರೆ, ಮಾಡುತ್ತಾರೆ. ಕೆಲಸದ ಗುತ್ತಿಗೆ ಹಿಡಿದವನ ತಲೆಗೆ ಸುತ್ತುವುದು ಪಟಗಾ, ಅವನ ಕೈಕೆಳಗೆ ದುಡಿದವನ ಹೆಗಲಿಗೆ ಟವೆಲ್ಲು. ಗೋಡೆ ಕೊರೆದು ಪೈಪು ಕೂಡಿಸಿದವನು, ಮಾಳಿಗೆಯ ಮೇಲೆ ನೀರಿನ ಟಾಕಿ ಏರಿಸಿದವನು, ನಲ್ಲಿ ಕಟ್ಟಿಕೊಂಡಾಗ ಎದ್ದುಬಿದ್ದು ಓಡಿದವನು ಪರಸಪ್ಪ. ಪಟಗಾ ಮಾತ್ರ ಮುಧೋಳದ ಚನಮಲ್ಲಪ್ಪನ ತಲೆಗೆ. ಯಾಕೆಂದರೆ ಲೈಸೆನ್ಸು ಇದ್ದದ್ದು ಚನಮಲ್ಲಪ್ಪನ ಹೆಸರಿನಲ್ಲಿ. ಆ ಮಹಾನುಭಾವ ಮನೆ ಮುಗಿಯುವತನಕ ಒಂದು ನಟ್ಟು ತಿರುವಿದವನಲ್ಲ, ವಾಸ್ತುಶಾಂತಿಯ ಊಟ ಒಂದನ್ನೂ ತಪ್ಪಿಸಿದವನೂ ಅಲ್ಲ.

ರಬಕವಿಯ ಒಂದು ಮನೆಯಲ್ಲಿ ಮತ್ತೊಂದು ಟವೆಲ್ಲು ಹೆಗಲಿಗೆ ಬಿದ್ದ ದಿನ ಪರಸಪ್ಪ ಅದನ್ನು ಬಿಡಿಸಿ ನೋಡಿದ. ಅದು ಅವನದೇ ಓಣಿಯ ಮಗ್ಗದಲ್ಲಿ ನೇಯ್ದದ್ದು. ಅವನ ಹೆಂಡತಿ ಶ್ರೀದೇವಿಯೇ ಅದಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟಿದ್ದಳು. ಸ್ವಂತ ಹೆಂಡತಿ ಸುತ್ತಿದ ನೂಲು ಊರೆಲ್ಲ ತಿರುಗಿ ತನ್ನ ಹೆಗಲಿಗೇ ಬಂದು ಕೂತಿತಲ್ಲ ಎಂದು ಅವನಿಗೆ ಮೈಯೆಲ್ಲ ಉರಿದುಹೋಯಿತು.

ಉರಿಗೆ ಇನ್ನೊಂದು ಕಾರಣವೂ ಇತ್ತು. ಮಗಳು ಮಾನಸಿಯನ್ನು ಮುಧೋಳಕ್ಕೆ ಕೊಟ್ಟಿದ್ದ. ಬೀಗರ ಮನೆ ಇದ್ದದ್ದು ಸರಿಯಾಗಿ ಚನಮಲ್ಲಪ್ಪನ ಮನೆಯ ಎದುರಿಗೆ. ಬೀಗರು ನಾಲ್ಕು ಜನರ ಮುಂದೆ ಪರಸಪ್ಪನ ಪರಿಚಯ ಮಾಡಿಕೊಡುವಾಗ ‘ನಮ್ಮ ಚನಮಲ್ಲಪ್ಪಗೋಳ ಕೈಯಾಗಿನ ಮನಷಾ’ ಅನ್ನುತ್ತಿದ್ದರು. ಈಗ ಮಾನಸಿ ಬಸುರಾಗಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳು. ಕೂಸಿನ ಹೆಸರಿಡುವ ದಿನ ಮುಧೋಳಕ್ಕೆ ಮುಧೋಳವೇ ಬಂದು ಕೂಡುತ್ತದೆ. ಅವತ್ತಿಗಾದರೂ ತಾನು ಯಾರ ಕೈಯಾಗಿನ ಮನಷಾನೂ ಆಗಿರಬಾರದು, ತೊಡೆಯ ಮೇಲೆ ಮೊಮ್ಮಗು, ಎದೆಯ ಮೇಲೆ ಸ್ವಂತ ಲೈಸೆನ್ಸು ಇರಬೇಕು ಎಂದು ಅವನು ಹಟ ಹಿಡಿದ.

ಹಟ ಹಿಡಿದ ಮೇಲೆ ಗೊತ್ತಾಯಿತು, ಸರಕಾರ ಪ್ಲಂಬಿಂಗ್ ಕಾಂಟ್ರ್ಯಾಕ್ಟರನನ್ನು ಸುಮ್ಮನೆ ಹುಟ್ಟಿಸುವುದಿಲ್ಲ. ಇಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ಲೈಸೆನ್ಸಿದ್ದವರ ಸಹಿ ಬೇಕು. ಸ್ವಂತ ಸಾಮಾನು ಬೇಕು. ಬರವಣಿಗೆಯ ಪರೀಕ್ಷೆ, ಆಮೇಲೆ ಕೈಕೆಲಸದ ಪರೀಕ್ಷೆ, ಎಲ್ಲ ದಾಟಿದ ಮೇಲೆ ಅರ್ಜಿ ಹಾಕಿದವನ ಮನೆಗೇ ಬಂದು ನಳದ ತಪಾಸಣೆ. (ಹೆಣ್ಣು ನೋಡಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ.) ಸಹಿಯನ್ನು ಚನಮಲ್ಲಪ್ಪ ನಗುನಗುತ್ತಲೇ ಹಾಕಿಕೊಟ್ಟ. ಹತ್ತನೆಯ ಇಯತ್ತೆಯಲ್ಲಿ ಕೈಬಿಟ್ಟ ಪೆನ್ನನ್ನು ಪರಸಪ್ಪ ಮತ್ತೆ ಹಿಡಿದಾನೆಂಬ ಭಯ ಅವನಿಗೆ ಇರಲಿಲ್ಲ.

ಪೆನ್ನು ಹಿಡಿಸಿದವಳು ಶ್ರೀದೇವಿ. ಬಾಗಿಲಲ್ಲಿ ಕೂತು ರಾಟೆ ತಿರುವುತ್ತ ಅವಳು ಪುಸ್ತಕ ನೋಡಿ ಪ್ರಶ್ನೆ ಕೇಳುವಳು, ಪರಸಪ್ಪ ಎದುರಿಗೆ ಕೈಕಟ್ಟಿ ನಿಂತು ಹೇಳುವನು. ಉತ್ತರ ತಪ್ಪಿದರೆ ರಾಟೆ ನಿಲ್ಲುತ್ತಿತ್ತು. ರಾಟೆ ನಿಂತರೆ ಪರಸಪ್ಪನ ಉಸಿರೂ ನಿಲ್ಲುತ್ತಿತ್ತು. ಇಂಥ ಗುರುಕುಲವಾಸ ಮುಗಿಸಿ ಅವನು ಜಮಖಂಡಿಗೆ ಹೋಗಿ ಪರೀಕ್ಷೆ ಬರೆದ, ಪೈಪು ಕೂಡಿಸಿ ತೋರಿಸಿದ, ಎರಡರಲ್ಲೂ ಪಾಸಾದ. ಪೇಢೆ ಹಂಚಿದ. ಉಳಿದದ್ದು ಮನೆಯ ತಪಾಸಣೆ ಒಂದೇ.

ಆ ಒಂದರಲ್ಲೇ ಇತ್ತು ಗಂಡಾಂತರ. ಊರ ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ನೀರು ಎಳೆಯುವಂತಿಲ್ಲ ಎಂಬುದು ಕಾನೂನು. ನಳಕ್ಕೆ ಮೋಟಾರು ಹಚ್ಚದ ಮನೆ ಇಲ್ಲ ಎಂಬುದು ಓಣಿಯ ರೂಢಿ. ಯಾವತ್ತೋ ಒಂದು ದಿನ, ಯಾವುದೋ ಹೊತ್ತಿನಲ್ಲಿ ‘ನಳಾ ಬಂದಾವ’ ಎಂದು ಕೂಗು ಎದ್ದರೆ ಸಾಕು, ಒಲೆಯ ಮೇಲಿನ ರೊಟ್ಟಿ ಒಲೆಯ ಮೇಲೆ, ಮಾತಾಡುವವರ ಮಾತು ಬಾಯಲ್ಲಿ, ಎಲ್ಲರೂ ಸ್ವಿಚ್ಚಿಗೆ ಓಡುವವರೇ. ಮೊದಲು ಒಬ್ಬರು ಹಚ್ಚಿದರು, ಅವರ ಮುಂದಿನ ಮನೆಗೆ ನೀರು ಸಣ್ಣಗಾಯಿತು, ಅವರೂ ಹಚ್ಚಿದರು. ಹಾಗೆ ಹಾಗೆ ಓಣಿಯೆಲ್ಲ ಒಬ್ಬರ ನೀರನ್ನು ಒಬ್ಬರು ಜಗ್ಗುವುದೇ ಆಯಿತು. ಈ ಮೋಟಾರುಗಳನ್ನೆಲ್ಲ ಮನೆಮನೆಗೆ ಹೋಗಿ ಕೂಡಿಸಿದವನು ಬೇರೆ ಯಾರೂ ಅಲ್ಲ. ‘ಈ ಓಣ್ಯಾಗ ಮೋಟಾರ ಇಲ್ಲದನ ನೀರು ಬರಂಗಿಲ್ಲ’ ಎಂಬುದು ಪರಸಪ್ಪನ ವೇದವಾಕ್ಯ. ಓಣಿಯ ಕಟ್ಟಕಡೆಯ ಮನೆಯ ಯಲ್ಲಕ್ಕ ಎಂಬ ಒಂಟಿ ಮುದುಕಿಗೆ ಮಾತ್ರ ಮೋಟಾರಿರಲಿಲ್ಲ. ಅವಳ ನಳ ಒಣಗಿ ಎಷ್ಟೋ ಕಾಲವಾಗಿತ್ತು. ಪಾಪ ಎಂದು ಪರಸಪ್ಪನೇ ತನ್ನ ಟಾಕಿಯಿಂದ ಅವಳಿಗೆ ಕೊಡ ತುಂಬಿಸಿ ಕೊಡುತ್ತಿದ್ದ. ಅದನ್ನು ಅವನು ಪುಣ್ಯದ ಕೆಲಸವೆಂದೇ ತಿಳಿದಿದ್ದ.

ತಪಾಸಣೆಯ ದಿನ ಬೆಳಗಾಗೆದ್ದು ಪರಸಪ್ಪ ತನ್ನ ಮೋಟಾರನ್ನು ಬಿಚ್ಚಿದ. ಬಿಚ್ಚುವುದು ಸುಲಭ, ಬಚ್ಚಿಡುವುದು ಎಲ್ಲಿ? ಎಣ್ಣೆ ಸೋರುವ ಆ ಪದಾರ್ಥವನ್ನು ಎತ್ತಿಕೊಂಡು ಅವನು ಮನೆಯೆಲ್ಲ ತಿರುಗಿದ. ಅಡುಗೆಮನೆಗೆ ಒಯ್ದರೆ ಶ್ರೀದೇವಿ ದೇವರ ಮಾಡ ತೋರಿಸಿ, ಇಲ್ಲಿ ಮೈಲಿಗೆ ಮಾಡಬೇಡಿ ಅಂದಳು. ನೂಲಿನ ಮೂಟೆಯ ಹಿಂದೆ ಅಂದರೆ ಎಣ್ಣೆ ಹತ್ತಿದ ನೂಲನ್ನು ನೇಕಾರರ ಮುಂದೆ ನೀವೇ ತಿನ್ನುತ್ತೀರಾ ಎಂದು ಕೇಳಿದಳು. ಯಲ್ಲಕ್ಕನ ಮನೆಯಲ್ಲಿ ಇಡಬಹುದಿತ್ತು, ಆದರೆ ಯಲ್ಲಕ್ಕನ ಬಾಯಿಗೆ ನಿಲ್ಲಿಸುವ ನಳ ಇಲ್ಲ, ಓಣಿಗೆಲ್ಲ ಗೊತ್ತಾಗುತ್ತದೆ ಎಂದು ಶ್ರೀದೇವಿಯೇ ಅಂದಳು. ಅಷ್ಟರಲ್ಲಿ ಪಡಸಾಲೆಯ ತೊಲೆಗೆ ತೂಗುಬಿಟ್ಟಿದ್ದ ತೊಟ್ಟಿಲು ಕಣ್ಣಿಗೆ ಬಿತ್ತು. ಮಾನಸಿಯ ಬಾಣಂತನಕ್ಕೆಂದು ಶ್ರೀದೇವಿ ಹಿಂದಿನ ದಿನವಷ್ಟೇ ಅದನ್ನು ಅಟ್ಟದಿಂದ ಇಳಿಸಿ, ತೊಳೆದು, ಒಳಗೆ ಕೌದಿ ಹಾಸಿ ಇಟ್ಟಿದ್ದಳು.

ಅದರ ಸುದ್ದಿಗೆ ಹೋಗಬೇಡಿ ಎಂದು ಶ್ರೀದೇವಿ ಅಡ್ಡ ನಿಂತಳು. ಬಸುರಿ ಮಗಳು ಬರುವ ಮನೆ, ಆಗಿಬರುವುದಿಲ್ಲ ಅಂದಳು.

“ಖಾಲಿ ತೊಟ್ಟಲಾ ತೂಗಬಾರದು ಅಂತ ನೀನ ಹೇಳತಿದ್ದೆಲ್ಲ,” ಅಂದ ಪರಸಪ್ಪ, ಮೋಟಾರನ್ನು ಮೆಲ್ಲಗೆ ಕೌದಿಯ ಮೇಲೆ ಮಲಗಿಸುತ್ತ. “ಈಗ ಖಾಲಿ ಎಲ್ಲೈತಿ?”

ಇನ್ನೊಂದು ಕೌದಿ ಹೊದಿಸಿ, ಕೇಳಿದರೆ ಹಳೆಯ ಅರಿವೆ ಅಂತ ಹೇಳಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಸ್ಕೂಟರು ನಿಂತಿತು. ತಪಾಸಣೆಗೆ ಬಂದವಳು ತೇರದಾಳದ ಕಡೆಯ ಪ್ರಾಚಿ ಮೇಡಮ್ಮು. ವಯಸ್ಸು ಮಾನಸಿಗಿಂತ ನಾಲ್ಕೈದು ಹೆಚ್ಚಿರಬಹುದು. ಕಡು ಶಿಸ್ತಿನ ಎಂಜಿನಿಯರು, ಜಮಖಂಡಿಯ ಕೈಪರೀಕ್ಷೆಯಲ್ಲಿ ಒಂದು ಹನಿ ಸೋರಿದ್ದಕ್ಕೆ ಗಟ್ಟಿಮುಟ್ಟಾದ ಗಂಡಸರನ್ನು ಮನೆಗೆ ಕಳಿಸಿದವಳು. ಅವಳು ದೊಡ್ಡ ದನಿಯಲ್ಲಿ ಪರಸಪ್ಪಾರ ಎಂದು ಕರೆಯುತ್ತಲೇ ಒಳಗೆ ಬಂದಳು, ತೊಟ್ಟಿಲು ನೋಡಿದಳು, ಫಕ್ಕನೆ ದನಿ ಇಳಿಸಿದಳು.

“ಅಯ್ಯ, ಕೂಸು ಮಲಗೇತೇನ್ರಿ? ಏಳಸಬ್ಯಾಡ್ರಿ, ನಾ ಸಾವಕಾಶ ನೋಡಕೊಂಡು ಹೋಗತೇನಿ.”

ಇಲ್ಲಿ ಪರಸಪ್ಪನ ಪರವಾಗಿ ಒಂದು ಮಾತು ಹೇಳಬೇಕು. ಅವನು ಸುಳ್ಳು ಹೇಳಲಿಲ್ಲ. ಖರೆ ಹೇಳಲಿಲ್ಲ, ಅಷ್ಟೆ. ಅವನ ತಲೆ ತಾನಾಗಿಯೇ ಹೌದು ಎಂಬಂತೆ ಅಲ್ಲಾಡಿಬಿಟ್ಟಿತು. ತಲೆ ಅಲ್ಲಾಡಿದ ಮೇಲೆ ಹಳೆಯ ಅರಿವೆಯ ಕಥೆಗೆ ಜಾಗ ಉಳಿಯಲಿಲ್ಲ. ಶ್ರೀದೇವಿ ಗಂಡನನ್ನು ದುರುಗುಟ್ಟಿ ನೋಡಿ, ಬೇರೆ ದಾರಿ ಕಾಣದೆ ತೊಟ್ಟಿಲ ಹಗ್ಗ ಹಿಡಿದಳು. ತೊಲೆ ಕಿರ್ ಎಂದು ನರಳಿತು. ಕೂಸು ಮೈಕೈ ತುಂಬಿಕೊಂಡಿದೆ ಎಂದು ಪ್ರಾಚಿ ಮೆಚ್ಚಿಕೊಂಡಳು.

ತಪಾಸಣೆ ಅಂಥ ಸಲೀಸಾಗಿ ಲೋಕದಲ್ಲಿ ಎಲ್ಲೂ ನಡೆದಿರಲಿಕ್ಕಿಲ್ಲ. ಪ್ರಾಚಿ ತುದಿಗಾಲಲ್ಲಿ ನಡೆದಳು. ಪ್ರಶ್ನೆಗಳನ್ನು ಪಿಸುಗುಟ್ಟಿದಳು. ಪರಸಪ್ಪನೂ ಪಿಸುಗುಟ್ಟಿ ಉತ್ತರಿಸಿದ. ಟಾಕಿ ನೋಡಿದಳು, ಮೋರಿ ನೋಡಿದಳು, ಅಂಗಳದ ಮೀಟರಿನ ಹತ್ತಿರ ಕೂತು ಪೈಪಿನ ಮೇಲೆ ಬೆರಳಾಡಿಸಿದಳು. ಎಲ್ಲ ಸರಿ ಇತ್ತು. ಇನ್ನೇನು ಸಹಿ ಹಾಕಲು ಪೆನ್ನು ತೆಗೆಯಬೇಕು, ಓಣಿಯ ಆ ತುದಿಯಿಂದ ‘ನಳಾ ಬಂದಾವ’ ಎಂದು ಕೂಗು ಎದ್ದಿತು.

ಮರುಕ್ಷಣಕ್ಕೆ ಓಣಿಯ ಮೋಟಾರುಗಳೆಲ್ಲ ಒಟ್ಟಿಗೆ ಒದರಿದವು. ಮೊದಲೇ ಮಗ್ಗಗಳ ಖಟಖಟ, ಅದರ ಮೇಲೆ ಇದು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರು ನಡುಗಿತು. ಪರಸಪ್ಪನ ನಳ ಮಾತ್ರ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಈ ಓಣಿಯಲ್ಲಿ ಕಾನೂನಿನಂತೆ ನಡೆಯುವ ಮನೆ ನಿಮ್ಮದೊಂದೇ ಎಂದು ಪ್ರಾಚಿ ಅಭಿಮಾನದಿಂದ ಹೇಳಿದಳು. ಪರಸಪ್ಪ ತಲೆ ತಗ್ಗಿಸಿದ. ಅದನ್ನು ಅವಳು ವಿನಯವೆಂದುಕೊಂಡಳು.

ಆಮೇಲೆ ಅವಳ ಕಣ್ಣು ತೊಟ್ಟಿಲ ಕಡೆ ಹೋಯಿತು, ಹುಬ್ಬು ಗಂಟಿಕ್ಕಿತು. ಇಷ್ಟು ಗದ್ದಲದಲ್ಲೂ ಕೂಸು ಮಿಸುಕಲಿಲ್ಲವಲ್ಲ, ಡಾಕ್ಟರಿಗೆ ಕಿವಿ ತೋರಿಸಿದ್ದೀರಾ ಎಂದು ಕೇಳಿದಳು.

ಶ್ರೀದೇವಿ ಹಗ್ಗ ಬಿಡದೆ ಹೇಳಿದಳು: “ಬನಹಟ್ಟಿ ಕೂಸ್ರಿ ಅಕ್ಕಾರ. ಮಗ್ಗದ ಸಪ್ಪಳಕ್ಕ ಮಲಗತಾವು, ಸಪ್ಪಳ ನಿಂತ್ರ ಏಳತಾವು.”

ಇಂಥ ಮಾತು ಹೆಂಡತಿಯ ಬಾಯಿಂದ ಇಷ್ಟು ಸರಾಗವಾಗಿ ಬಂತಲ್ಲ ಎಂದು ಪರಸಪ್ಪನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಮದುವೆಯಾದಾಗಿನಿಂದ ಕೇಳಿದ ಮಾತುಗಳ ಮೇಲೆಲ್ಲ ಸಣ್ಣ ಅನುಮಾನ. ಪ್ರಾಚಿ ನಕ್ಕಳು, ಸಹಿಯ ಪೆನ್ನು ತೆಗೆದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಎಂಜಿನಿಯರಾದರೂ ಈ ಕಡೆಯ ಹೆಣ್ಣುಮಗಳು. ಎಳೆಯ ಕೂಸನ್ನು ಮೊದಲ ಸಲ ನೋಡಿದವರು ಅದರ ಕೈಯಲ್ಲಿ ಏನಾದರೂ ಇಡದೆ ಹೊಸ್ತಿಲು ದಾಟಬಾರದು ಎಂದು ಅವಳ ಅಜ್ಜಿ ಹೇಳಿಕೊಟ್ಟಿರಬೇಕು. ಪರ್ಸಿನಿಂದ ಒಂದು ನೋಟು ತೆಗೆದು ತೊಟ್ಟಿಲ ಹತ್ತಿರ ಬಂದಳು. ಬೇಡ ಬೇಡ ಎಂದು ಪರಸಪ್ಪ ಅಡ್ಡ ಬಂದ. ನಿಮಗಲ್ಲ ಬಿಡಿ, ಕೂಸಿಗೆ, ಇದು ಲಂಚವೂ ಅಲ್ಲ ಎಂದು ಅವನನ್ನು ಸರಿಸಿ, ಕೂಸು ಎಚ್ಚರಾಗದಿರಲೆಂದು ಕೌದಿ ತೆಗೆಯದೆಯೇ ಮೆಲ್ಲಗೆ ಒಳಗೆ ಕೈಹಾಕಿದಳು.

ಕೈ ಅಲ್ಲೇ ನಿಂತಿತು. ಸ್ವಲ್ಪ ಅತ್ತ ಆಡಿತು, ಸ್ವಲ್ಪ ಇತ್ತ ಆಡಿತು. ಹೊರಗೆ ಬಂದಾಗ ಬೆರಳಿಗೆಲ್ಲ ಕಪ್ಪು ಎಣ್ಣೆ. ಶ್ರೀದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪರಸಪ್ಪನ ಕಣ್ಣ ಮುಂದೆ ಟ್ರಂಕಿನ ಟವೆಲ್ಲುಗಳೆಲ್ಲ ಒಂದೊಂದಾಗಿ ಹಾರಿಹೋದವು.

ಪ್ರಾಚಿ ಇನ್ನೂ ಪಿಸುದನಿಯಲ್ಲೇ ಕೇಳಿದಳು: “ಕೂಸು ಎಷ್ಟು ಎಚ್‌ಪಿ ಐತ್ರಿ?”

ಕಸುಬಿನ ಪ್ರಶ್ನೆಗೆ ಪರಸಪ್ಪ ಸುಳ್ಳು ಹೇಳಿದವನಲ್ಲ. “ಒಂದು ಎಚ್‌ಪಿ ರಿ,” ಎಂದು ಅವನೂ ಪಿಸುಗುಟ್ಟಿದ.

ಪ್ರಾಚಿ ನಕ್ಕಳು. ಕಟ್ಟೆಯ ಮೇಲೆ ಕುಸಿದು ಕೂತು, ಎಣ್ಣೆಯ ಕೈಯನ್ನು ಸೀರೆಗೆ ತಾಗದಂತೆ ಮೇಲೆತ್ತಿಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಪರಸಪ್ಪನೂ ನಗಬಹುದೋ ಎಂದು ಹಲ್ಲು ಬಿಟ್ಟ. ಅವನು ಹಲ್ಲು ಬಿಟ್ಟದ್ದೇ ತಡ ಅವಳ ನಗು ನಿಂತಿತು. ಓಣಿಯ ಕಡೆಯ ಮನೆ ಯಾರದು, ಅಲ್ಲಿಗೆ ನೀರು ಹೋಗುತ್ತದೋ ಎಂದು ಕೇಳಿದಳು. ಯಲ್ಲಕ್ಕನದು, ಹೋಗುವುದಿಲ್ಲ, ಆದರೆ ತಾನೇ ದಿನಾ ಕೊಡ ತುಂಬಿಸಿ ಕೊಡುತ್ತೇನೆ ಎಂದು ಪರಸಪ್ಪ ಇದ್ದ ಒಂದೇ ಪುಣ್ಯವನ್ನು ಮುಂದಿಟ್ಟ.

“ಅಂದ್ರ ಅಕಿ ಪಾಲಿನ ನೀರ ಜಗ್ಗಿ, ಅಕಿಗೇ ದಾನಾ ಮಾಡತೀರಿ.”

ಪೈಪಿನ ಒಳಗೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಪರಸಪ್ಪ ಇಷ್ಟು ದಿನ ಇದೊಂದನ್ನು ಲೆಕ್ಕ ಹಾಕಿರಲಿಲ್ಲ. ನಾಚಿಕೆಯಾಯಿತು, ಖರೆಯೇ ನಾಚಿಕೆಯಾಯಿತು.

ಪ್ರಾಚಿ ಪೆನ್ನನ್ನು ಮುಚ್ಚಿ ಎದ್ದಳು. ಕೈಕೆಲಸದಲ್ಲಿ ನಿಮಗೆ ಹೆಸರಿಡುವ ಹಾಗಿಲ್ಲ, ಅದಕ್ಕೇ ಇನ್ನೊಂದು ಸಲ ಬರುತ್ತೇನೆ ಅಂದಳು. ಮುಂದಿನ ನೀರು ಬರುವ ದಿನ ಹೇಳದೆ ಬರುವವಳು. ಅವತ್ತು ಈ ಓಣಿಯಲ್ಲಿ ಮಗ್ಗದ ಸಪ್ಪಳ ಬಿಟ್ಟು ಬೇರೆ ಸಪ್ಪಳ ಕೇಳಬಾರದು. ಕೇಳದಿದ್ದರೆ ಸಹಿ. ಕೇಳಿದರೆ ಮತ್ತೆ ಆ ಸಹಿ ಹಾಕಿದ ಚನಮಲ್ಲಪ್ಪನ ಕೈಕೆಳಗೇ ಹೋಗಿ, ಅವರಿಗೆ ನನ್ನ ನಮಸ್ಕಾರ ಹೇಳಿ ಅಂದಳು.

ಮುಂದಿನ ದಿನಗಳನ್ನು ಪರಸಪ್ಪ ಶತ್ರುವಿಗೂ ಬಯಸುವುದಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿದು ಮನೆಮನೆಗೆ ಹೋಗಿ, ತಾನೇ ಕೂಡಿಸಿದ ಮೋಟಾರನ್ನು ತಾನೇ ಬಿಚ್ಚುತ್ತೇನೆ ಎಂದು ಕೈಮುಗಿದ. ಮೋಟಾರಿಲ್ಲದೆ ನೀರು ಬರುವುದಿಲ್ಲ ಎಂದು ಹೇಳಿದ್ದು ನೀನೇ ಅಲ್ಲವೇ ಎಂದು ಎಲ್ಲರೂ ಅವನ ವೇದವಾಕ್ಯವನ್ನೇ ಅವನ ಮುಖಕ್ಕೆ ಹಿಡಿದರು. ಬಿಚ್ಚಲಿಕ್ಕೆ ಯಾರದೂ ತಕರಾರಿಲ್ಲ, ಎದುರುಮನೆಯವರದು ಮೊದಲು ಬಿಚ್ಚಲಿ. ಎದುರುಮನೆಯವರದೂ ತಕರಾರಿಲ್ಲ, ಇವರದು ಮೊದಲಾಗಲಿ. ಪರಸಪ್ಪ ನಡುಬೀದಿಯಲ್ಲಿ ನಿಂತು ಪಾನಾದಿಂದ ತಲೆ ಕೆರೆದುಕೊಂಡ.

ದಾರಿ ತೋರಿಸಿದವಳು ಯಲ್ಲಕ್ಕ. ಶ್ರೀದೇವಿ ಅವಳಿಗೆ ತೊಟ್ಟಿಲ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದ್ದಳು. (ಯಲ್ಲಕ್ಕನ ಬಾಯಿಗೆ ನಳ ಇಲ್ಲ ಅಂದವಳು ಇವಳೇ.) ಮುದುಕಿ ಕೋಲು ಊರಿಕೊಂಡು ಬಂದು ಪರಸಪ್ಪನ ಹೆಗಲು ತಟ್ಟಿದಳು.

“ನೀ ಬಿಚ್ಚಕೋತ ನಡಿ ಪರಸ್ಯಾ. ಯಾರ ಮನ್ಯಾಗ ಯಾವ ಕೂಸು ಮಲಗೇತಿ ನಾ ನೋಡತೇನಿ.”

ನೋಡಿಯೇ ನೋಡಿದಳು. ಮಂಚದ ಕೆಳಗೆ ಬಗ್ಗಿದಳು, ಹಾಸಿಗೆಯ ಸುರುಳಿಗೆ ಕೋಲು ಚುಚ್ಚಿದಳು, ನಿಜವಾದ ಕೂಸು ಮಲಗಿದ್ದ ತೊಟ್ಟಿಲಿಗೂ ಕೈಹಾಕಿ ಅಳಿಸಿದಳು. ಬಿಚ್ಚಿ ಕೊಟ್ಟೆ ಎಂದು ಆಣೆ ಮಾಡಿದ ನೆರೆಯ ಗೂಳಪ್ಪನ ಇನ್ನೊಂದು ಮೋಟಾರು ಜೋಳದ ಕಣಜದಲ್ಲಿ ಸಿಕ್ಕಿತು. ತಮ್ಮ ಮನೆಯಲ್ಲಿಲ್ಲದ ಮೋಟಾರು ಪಕ್ಕದವರ ಮನೆಯಲ್ಲೂ ಇಲ್ಲವೆಂದು ಯಲ್ಲಕ್ಕ ಸಾಕ್ಷಿ ಹೇಳಿದ ಮೇಲೆ ಜನ ಸಮಾಧಾನವಾದರು. ಅವಳು ಸುಳ್ಳು ಹೇಳಲು ಕಾರಣವೇ ಇರಲಿಲ್ಲ, ಮೋಟಾರಿಲ್ಲದ ಬಾಳು ಅವಳದೇ ಆಗಿತ್ತಲ್ಲ.

ನಳ ಬರುವ ದಿನ ಬಂತು. ಕೂಗು ಎದ್ದಿತು. ಎಲ್ಲರೂ ಅಭ್ಯಾಸಬಲದಿಂದ ಸ್ವಿಚ್ಚಿಗೆ ಓಡಿ, ಖಾಲಿ ಗೋಡೆ ನೋಡಿ ವಾಪಸು ಬಂದು, ಬಾಗಿಲಲ್ಲಿ ನಿಂತು ಪರಸಪ್ಪನನ್ನು ನುಂಗುವಂತೆ ನೋಡಿದರು. ಪ್ರಾಚಿಯ ಸ್ಕೂಟರು ಆಗಲೇ ಓಣಿಯ ಬಾಯಲ್ಲಿ ನಿಂತಿತ್ತು. ನಳಗಳು ಕೆಮ್ಮಿದವು. ನೂಲಿನ ಎಳೆಯಂತೆ ಸಣ್ಣಗೆ ಏನೋ ಬಂತು. ಪರಸಪ್ಪ ಮನೆದೇವರನ್ನೆಲ್ಲ ಕರೆದ, ಸಾಲದ್ದಕ್ಕೆ ಹೆಂಡತಿಯ ತವರಿನ ದೇವರನ್ನೂ ಕರೆದ. ಎಳೆ ದಪ್ಪಗಾಯಿತು. ಕೊಡದ ತಳಕ್ಕೆ ಬಿದ್ದು ಸದ್ದು ಮಾಡಿತು. ಒಂದು ಮನೆ, ಅದರ ಮುಂದಿನ ಮನೆ, ಅದರ ಮುಂದಿನದು, ಯಾರಿಗೂ ಜೋರಿಲ್ಲ, ಯಾರಿಗೂ ಇಲ್ಲವೆಂದಿಲ್ಲ. ಎಷ್ಟೋ ಹೊತ್ತಿನ ಮೇಲೆ ಓಣಿಯ ಕೊನೆಯಿಂದ ಯಲ್ಲಕ್ಕ ಒಂದು ತುಂಬಿದ ಕೊಡ ಹೊತ್ತು ನಿಧಾನ ನಡೆದು ಬಂದಳು, ಪರಸಪ್ಪನ ಕಟ್ಟೆಯ ಮೇಲೆ ಇಳಿಸಿದಳು.

“ತಗೋ. ಇವತ್ತ ನಮ್ಮ ಮನಿ ನೀರ ಕುಡಿ,” ಅಂದಳು.

ಪರಸಪ್ಪ ಅಲ್ಲೇ ಬೊಗಸೆಯೊಡ್ಡಿ ಕುಡಿದ. ಎದೆಯ ಮೇಲಿದ್ದ ಒಂದು ಭಾರ ಇಳಿದ ಹಾಗಾಯಿತು. ಹಿಂದಿನಿಂದ ಪ್ರಾಚಿ ಸಹಿ ಹಾಕಿದ ಸಪ್ಪಳವೂ ಕೇಳಿಸಿತಂತೆ, ಅವನು ಹಾಗೆ ಹೇಳುತ್ತಾನೆ.

ಮಾನಸಿ ಗಂಡು ಹಡೆದಳು. ಹೆಸರಿಡುವ ದಿನಕ್ಕೆ ಸರಿಯಾಗಿ ಲೈಸೆನ್ಸು ಬಂತು, ಕೊರಳಿಗೆ ಹಾಕಿಕೊಳ್ಳುವ ಫೋಟೋ ಕಾರ್ಡಿನ ಸಮೇತ. ಪರಸಪ್ಪ ಬಿಳಿಯ ಅಂಗಿ ತೊಟ್ಟು ಅದರ ಮೇಲೆ ಕಾರ್ಡು ಇಳಿಬಿಟ್ಟುಕೊಂಡ. ಅದು ತಿರುಗಿಕೊಂಡಾಗಲೆಲ್ಲ ಫೋಟೋ ಮುಂದೆ ಬರುವಂತೆ ಸರಿಪಡಿಸಿಕೊಂಡ. ಮುಧೋಳದವರೆಲ್ಲ ಬಂದರು. ಬೀಗರ ಜತೆ ಚನಮಲ್ಲಪ್ಪನೂ ಬಂದ (ಊಟ ಇತ್ತಲ್ಲ). ಪ್ರಾಚಿಯೂ ಬಂದಳು. ಕೂಸಿನ ಕೈಯಲ್ಲಿ ನೋಟು ಇಡುವ ಮೊದಲು ಕೌದಿಯ ಮೇಲೆಲ್ಲ ತಟ್ಟಿ ತಟ್ಟಿ ನೋಡಿದಳು. ಒಳಗಿನಿಂದ ಒಂದು ಪುಟ್ಟ ಕೈ ಅವಳ ಬೆರಳನ್ನು ಹಿಡಿದುಕೊಂಡಿತು. ಈ ಸಲ ಅಸಲಿ ಕಂಪನಿ ಮಾಲು ಎಂದು ಅವಳು ತೀರ್ಪು ಕೊಟ್ಟಳು. ಬೀಗರಿಗೆ ತಿಳಿಯಲಿಲ್ಲ, ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಆಯೇರಿ. ಬೀಗರು ಎದ್ದು ನಿಂತು, ನಮ್ಮ ಬೀಗರು, ಲೈಸೆನ್ಸ್ ಕಾಂಟ್ರ್ಯಾಕ್ಟರ್ ಪರಸಪ್ಪನವರು ಎಂದು ಗಟ್ಟಿಯಾಗಿ ಹೇಳಿ, ಅವನ ತಲೆಗೆ ಕೇಸರಿ ಪಟಗಾ ಸುತ್ತಿಸಿದರು. ಚನಮಲ್ಲಪ್ಪನ ಹೆಗಲಿಗೆ ಒಂದು ಟವೆಲ್ಲು ಬಿತ್ತು. ಪರಸಪ್ಪನ ಕಣ್ಣು ತುಂಬಿ ಬಂದವು. ಮೊಮ್ಮಗನನ್ನು ತಂದು ಅವನ ಕೈಗೆ ಕೊಟ್ಟರು. ತೊಡೆಯ ಮೇಲೆ ಕೂಸು, ಎದೆಯ ಮೇಲೆ ಲೈಸೆನ್ಸು, ತಲೆಯ ಮೇಲೆ ಪಟಗಾ. ಅವನು ಬಯಸಿದ್ದೆಲ್ಲ ಬಯಸಿದ ಜಾಗದಲ್ಲೇ ಇತ್ತು. ಫೋಟೋದವನು ಸ್ವಲ್ಪ ನಗಿರಿ ಅಂದ. ಪರಸಪ್ಪ ಕೂಸನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಕ್ಕ.

ಅದೇ ಹೊತ್ತಿಗೆ ಕೂಸಿನ ಕಡೆಯಿಂದ ಬೆಚ್ಚಗಿನ ಧಾರೆಯೊಂದು ಎದ್ದಿತು. ಮೊದಲು ಕಾರ್ಡಿನ ಮೇಲಿನ ಫೋಟೋ ತೊಯ್ದಿತು, ಆಮೇಲೆ ಬಿಳಿಯ ಅಂಗಿ, ಕಡೆಗೆ ಪಟಗಾದ ಸೆರಗೂ ಉಳಿಯಲಿಲ್ಲ. ಲೈಸೆನ್ಸಿನ ನಿಯಮಗಳಲ್ಲಿ ಇದಕ್ಕೆ ಏನು ಮಾಡಬೇಕೆಂದು ಎಲ್ಲೂ ಹೇಳಿರಲಿಲ್ಲ. ಪರಸಪ್ಪ ಕೂಸನ್ನು ಅತ್ತ ತಿರುಗಿಸಲೋ ಇತ್ತ ತಿರುಗಿಸಲೋ ತಿಳಿಯದೆ, ಮುಖದ ಮೇಲಿನ ನೀರು ಒರೆಸಿಕೊಳ್ಳಲು ಕೈಯೂ ಇಲ್ಲದೆ ಹಾಗೇ ಕೂತ.

ಶ್ರೀದೇವಿ ಒಳಗೆ ಹೋಗಿ ಟ್ರಂಕು ತೆರೆದು ಒಂದು ಟವೆಲ್ಲು ತಂದಳು. ಅದನ್ನು ಗಂಡನ ಹೆಗಲಿಗೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಮೋಟಾರ ಇಲ್ಲದನ ನೀರು ಬಂತು ನೋಡ್ರಿ.”